ಗಾಡಿಗಿಂತ ದುಬಾರಿಯಾದ ಪುಸ್ತಕ

2024ರ ಆಷಾಢದಲ್ಲಿ ನಂಜನಗೂಡು ಕಡೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಹೆಂಚು ಕೈಯಾಡಿಸುವ ಕೆಲಸ ನಡೆದಿತ್ತು. ಅಟ್ಟದ ಮೇಲಿದ್ದ ತಗಡಿನ ಟ್ರಂಕು ಅವತ್ತು ಕೆಳಗಿಳಿಯಿತು. ಅದರೊಳಗೆ ದೊಡ್ಡಪ್ಪನ ಸರ್ವಿಸ್ ರಿಜಿಸ್ಟರಿನ ನಕಲು, ಮುಗಿದುಹೋದ ಎಲ್‌ಐಸಿ ಬಾಂಡುಗಳು, ಇಬ್ಬರು ಅಕ್ಕಂದಿರ ಜಾತಕ, ಎಲ್ಲದರ ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದು ಸಣ್ಣ ಪುಸ್ತಕ. ಯೆಜ್ಡಿಯ ಆರ್‌.ಸಿ. ಬುಕ್ಕು. ಗಾಡಿ ಗುಜರಿಗೆ ಹೋಗಿ ಇಪ್ಪತ್ತಾರು ವರ್ಷವಾಗಿತ್ತು. ಪುಸ್ತಕ ಮಾತ್ರ ಹಾಗೆಯೇ ಉಳಿದಿತ್ತು.

ನಾನು ಅದರ ಮೊದಲ ಪುಟದ ಫೋಟೊ ತೆಗೆದು, ಸಂಶೋಧನೆಯ ನೆಪದಲ್ಲಿ ಪರಿಚಯವಾಗಿದ್ದ ಮೈಸೂರಿನ ಒಬ್ಬ ಮೆಕ್ಯಾನಿಕ್‌ಗೆ ಕಳಿಸಿದೆ. ‘ಹೀಗೊಂದು ಸಿಕ್ಕಿದೆ ನೋಡಿ’ ಎಂಬ ಸಂತೋಷಕ್ಕೆ ಕಳಿಸಿದ್ದು, ಅಷ್ಟೇ. ಎರಡು ದಿನ ಬಿಟ್ಟು ಯಾರೋ ಅಪರಿಚಿತರು ಫೋನ್ ಮಾಡಿದರು. ಹಳೆ ಬೈಕುಗಳ ವ್ಯಾಪಾರವಂತೆ.

“ಗಾಡಿ ಇಲ್ದಿದ್ರೂ ಪರ್ವಾಗಿಲ್ಲ ಸಾರ್. ಬುಕ್ ಒಂದು ಕೊಡಿ, 15,000 ಕೊಡ್ತೀನಿ.”

ದೊಡ್ಡಮ್ಮನಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ. “ಗಾಡಿನೇ 2,800ಕ್ಕೆ ಕೊಟ್ಟಿದ್ದು ಕಣಪ್ಪ. ಬರೀ ಪುಸ್ತಕಕ್ಕೆ 15,000 ಯಾಕೆ ಕೊಡ್ತಾನೆ? ಏನೋ ಮೋಸ ಇರ್ಬೇಕು.”

ಮೋಸ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಆ ರಾತ್ರಿ ನಾನು ಮಾಡಿದ್ದು ಲೆಕ್ಕ. ದೊಡ್ಡಪ್ಪ ಗಾಡಿ ಮಾರಿದ್ದು 1998ರಲ್ಲಿ. ಅಲ್ಲಿಂದ ಇಲ್ಲಿಗೆ ದಿನಬಳಕೆಯ ಸಾಮಾನಿನ ಬೆಲೆ ಸರಿಸುಮಾರು ನಾಲ್ಕೂವರೆ ಪಟ್ಟು ಏರಿದೆ. ಅಂದರೆ ಅಂದಿನ 2,800 ಎಂದರೆ ಇವತ್ತಿನ ಹನ್ನೆರಡೂವರೆ ಸಾವಿರದ ಆಸುಪಾಸು. ಇಡೀ ಬೈಕಿಗೆ ಅವತ್ತು ಸಿಕ್ಕ ಬೆಲೆಗಿಂತ ಅದರ ಕಾಗದಕ್ಕೆ ಇವತ್ತು ಹೆಚ್ಚು ಬೆಲೆ. (ಅದೇ ದುಡ್ಡಿಗೆ ಅವತ್ತು ಸುಮಾರು 7 ಗ್ರಾಂ ಚಿನ್ನ ಬರುತ್ತಿತ್ತು ಎಂಬ ಲೆಕ್ಕವನ್ನು ದೊಡ್ಡಮ್ಮನಿಗೆ ಹೇಳದೆ ಉಳಿಸಿಕೊಂಡೆ.)

ನನ್ನ ಪಿಎಚ್‌.ಡಿ. ಇರುವುದು ಸ್ವಾತಂತ್ರ್ಯಾನಂತರದ ಮೈಸೂರಿನ ಕೈಗಾರಿಕೆಗಳ ಮೇಲೆ. ಮೂರು ವರ್ಷದಿಂದ ಉತ್ಪಾದನೆ, ಲೈಸೆನ್ಸು, ಬಂಡವಾಳ ಎಂದು ಟಿಪ್ಪಣಿ ಮಾಡುತ್ತಲೇ ಇದ್ದೇನೆ. ಕಾರ್ಖಾನೆಯ ಗೇಟು ದಾಟಿದ ಮೇಲೆ ಆ ವಸ್ತುವಿಗೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಒಂದು ಬೈಕು ಹುಟ್ಟಿದಾಗ ಒಂದು ಬೆಲೆ, ಹಳತಾದಾಗ ಇನ್ನೊಂದು, ಸತ್ತ ಮೇಲೆ ಮತ್ತೊಂದು. ಈ ಮೂರನೆಯದು ಎಲ್ಲಿಂದ ಹುಟ್ಟುತ್ತದೆ ಎಂಬುದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮೊದಲಿನಿಂದ ಹೇಳುತ್ತೇನೆ. ಐವತ್ತರ ದಶಕದಲ್ಲಿ ಕೇಂದ್ರ ಸರ್ಕಾರ ಹೊರದೇಶದ ವಾಹನಗಳ ಆಮದನ್ನು ಬಿಗಿ ಮಾಡಿ, ಬೇಕಾದರೆ ಇಲ್ಲೇ ತಯಾರಿಸಿ ಎಂದಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಶುರುವಾಯಿತು. ಅರವತ್ತರ ದಶಕದ ಮೊದಲಲ್ಲಿ ಉತ್ತರದಲ್ಲಿ ಎಸ್ಕಾರ್ಟ್ಸ್‌ನವರ ರಾಜದೂತ್, ಮೈಸೂರಿನಲ್ಲಿ ಐಡಿಯಲ್ ಜಾವಾ ಬಂದವು. ಯಾದವಗಿರಿಯ ಈ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಕಟ್ಟಿದವರು ಇರಾನಿ ಮನೆತನದವರು. ಬೈಕು ಮಾತ್ರ ಚೆಕೊಸ್ಲೊವಾಕಿಯಾದ್ದು. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲೆರಡು ಅಕ್ಷರ ಸೇರಿ ಜಾವಾ. ನಮ್ಮೂರುಗಳಲ್ಲಿ ಅದು ‘ಜಾವ’ ಆಯಿತು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಮೊಳೆಯಂಥ ಕೀ. ಕಿಕ್ ಹೊಡೆಯುವ ರಾಡನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. ಎಡಗೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರು ಬದಲಾಯಿಸಬಹುದಿತ್ತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಯೆಜ್ಡಿಯ ಜಾಹೀರಾತಿನ ಸಾಲು ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’ ಎಂದಿತ್ತು. ಎಂದೆಂದಿಗೂ ಬೆಲೆಯಂತೆ! ನಡುವೆ ಒಂದಿಪ್ಪತ್ತು ವರ್ಷ ಅದರ ಬೆಲೆ ಗುಜರಿಯವನ ತಕ್ಕಡಿಯಲ್ಲಿತ್ತು ಎಂಬುದನ್ನು ಆ ಸಾಲು ಬರೆದವರು ಊಹಿಸಿರಲಾರರು.

ಹಳೆ ಗಾಡಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬಂದಿದ್ದು ಇದೇ ಮೊದಲೇನಲ್ಲ. ಲೈಸೆನ್ಸ್ ಕಾಲದಲ್ಲಿ ಯಾರು ಎಷ್ಟು ತಯಾರಿಸಬೇಕೆಂದು ದೆಹಲಿಯೇ ನಿರ್ಧರಿಸುತ್ತಿತ್ತು. ಸ್ಕೂಟರಿಗಂತೂ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೀಗಾಗಿ ಇವತ್ತೇ ಮನೆಗೆ ಒಯ್ಯಬಹುದಾದ ಬಳಸಿದ ಗಾಡಿಗೆ ಶೋರೂಮಿನ ಬೆಲೆಗಿಂತ ಮೇಲೆ ಕೊಡುವವರಿದ್ದರು. ಮಗಳ ಮದುವೆ ಗೊತ್ತಾಗುವ ಮೊದಲೇ ಅಳಿಯನಿಗೆಂದು ಬುಕ್ ಮಾಡಿದವರ ಕತೆ ಎಲ್ಲ ಊರಿನಲ್ಲೂ ಒಂದೊಂದಿದೆ. ಅಲ್ಲಿ ಬೆಲೆ ಬರುತ್ತಿದ್ದದ್ದು ಗಾಡಿಯ ಚೆಂದಕ್ಕಲ್ಲ, ಕಾಯುವುದು ತಪ್ಪಿತಲ್ಲ ಎಂಬುದಕ್ಕೆ.

ನಮ್ಮ ದೊಡ್ಡಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. 1983ರಲ್ಲಿ ಅವರು ಕಾಫಿಪುಡಿ ವ್ಯಾಪಾರಿಯೊಬ್ಬರಿಂದ 1976ರ ಯೆಜ್ಡಿ ಕೊಂಡರು. ತಪ್ಪು ಕಾಲದಲ್ಲಿ ಕೊಂಡರು ಅಂತ ಈಗ ಅನ್ನಿಸುತ್ತದೆ. ಮುಂದಿನ ಎರಡು ಮೂರು ವರ್ಷದಲ್ಲೇ ಜಪಾನಿನವರ ಜೊತೆ ಕೈಜೋಡಿಸಿದ 100 ಸಿಸಿ ಬೈಕುಗಳು ಸಾಲಾಗಿ ಬಂದವು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಹೀರೋ ಹೋಂಡಾದವರು ಲೀಟರಿಗೆ 80 ಕಿಲೋಮೀಟರ್ ಎಂದು ಜಾಹೀರಾತು ಕೊಟ್ಟರು. ಯೆಜ್ಡಿ 30ರ ಆಸುಪಾಸು ಕೊಟ್ಟರೆ ಪುಣ್ಯ. ಮೇಲಾಗಿ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹಿಂದೆ ಬರುವವನಿಗೆ ಹೊಗೆ ಕುಡಿಸಬೇಕು. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿತು. ಆಮೇಲೆ ಒಂದು ಸಣ್ಣ ಸಾಮಾನಿಗೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿಬರಬೇಕು. ದೊಡ್ಡಪ್ಪನ ಗಾಡಿಯ ಕ್ರ್ಯಾಂಕ್ ಹೋದಾಗ ರಿಪೇರಿಗೆ ಹೇಳಿದ ಖರ್ಚು ಗಾಡಿಯ ಬೆಲೆಗಿಂತ ಜಾಸ್ತಿ ಇತ್ತು. ಗುಜರಿಯವನು ತೂಕ ಅಂದಾಜು ಮಾಡಿ 2,500 ಅಂದ. ದೊಡ್ಡಮ್ಮ ಚೌಕಾಸಿ ಮಾಡಿ 300 ಏರಿಸಿದಳು.

ಆ ವರ್ಷಗಳಲ್ಲಿ ಹೀಗೆ ಹೋದ ಗಾಡಿಗಳಿಗೆ ಲೆಕ್ಕವಿಲ್ಲ. ಉಳಿದವು ಹಾಲಿನ ಕ್ಯಾನು, ಎಳನೀರು, ಹುಲ್ಲಿನ ಹೊರೆ ಹೊರುತ್ತಾ ಹಳ್ಳಿ ದಾರಿಯಲ್ಲಿ ಸವೆದವು. ಒಂದು ಬೈಕು ‘ಕ್ಲಾಸಿಕ್’ ಆಗಬೇಕಾದರೆ ಅದರ ಒಡಹುಟ್ಟಿದವು ಕರಗಿಹೋಗಲೇಬೇಕು. ದೊಡ್ಡಪ್ಪನಂಥವರು 2,800ಕ್ಕೆ ಕೊಡದೇ ಇದ್ದಿದ್ದರೆ ಇವತ್ತು ಒಂದೂವರೆ ಲಕ್ಷ ಹೇಳುವವನ ಮಾತು ನಡೆಯುತ್ತಲೇ ಇರಲಿಲ್ಲ.

ಅದೇ ಜುಲೈ ತಿಂಗಳಲ್ಲಿ ನಾನು ಇಂಥ ಗಾಡಿಗಳ ಒಂದು ಕೂಟಕ್ಕೆ ಹೋದೆ. ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ-ಯೆಜ್ಡಿ ದಿನವೆಂದು ಇವುಗಳ ಮೋಹಿಗಳು ಹಲವು ಊರುಗಳಲ್ಲಿ ಆಚರಿಸುತ್ತಾರೆ. ಆ ವಾಸನೆ, ಆ ‘ಡುಬ್ ಡುಬ್’ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ, ನಾನು ಬರೆಯುವುದಿಲ್ಲ. ನನಗೆ ಕಂಡದ್ದು ಜನ ಗಾಡಿಯನ್ನು ನೋಡುವ ರೀತಿ. ಯಾರೂ ಓಡಿಸಿ ನೋಡುತ್ತಿರಲಿಲ್ಲ, ಬಗ್ಗಿ ಓದುತ್ತಿದ್ದರು. ಕಾರ್ಬ್ಯುರೇಟರಿನ ಮೇಲೆ ಯಿಕೋವ್ ಎಂದಿದೆಯೇ, ವಿದ್ಯುತ್ ಭಾಗಗಳ ಮೇಲೆ ಪಾಲ್ ಎಂದಿದೆಯೇ? ಇವೆರಡೂ ಚೆಕ್ ಹೆಸರುಗಳು. ಸಂಪೂರ್ಣ ಸ್ವದೇಶಿ ಎಂದು ಹೆಮ್ಮೆಪಡಬೇಕೆಂದು ಒಂದು ಕಾಲದಲ್ಲಿ ಸರ್ಕಾರ ಹೇಳಿತ್ತು. ಈಗ ಅದೇ ಗಾಡಿಯಲ್ಲಿ ಪರದೇಶದ ಭಾಗ ಎಷ್ಟಿದೆಯೋ ಅಷ್ಟು ಬೆಲೆ. ಆರ್‌ಎಕ್ಸ್ 100ರವರೂ ಹೀಗೆಯೇ, ಬಿಡಿಭಾಗದ ಮೇಲೆ ಜಪಾನ್ ಎಂಬ ಮುದ್ರೆ ಹುಡುಕುತ್ತಾರೆ.

ಬೆಲೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ‘ಲಕ್ಷಕ್ಕೆ ಹೋಯ್ತಂತೆ’ ಎಂಬ ಸುದ್ದಿಯಲ್ಲಿ ಹೇಳಿದ ಬೆಲೆ ಬೇರೆ, ಕೈಸೇರಿದ ಬೆಲೆ ಬೇರೆ. ಅಲ್ಲಿ ನಿಂತಿದ್ದ ಒಂದು ಮರೂನ್ ಬಣ್ಣದ ಗಾಡಿಯ ಒಡೆಯರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವರು, ತಮ್ಮ ಲೆಕ್ಕದ ಪುಸ್ತಕವನ್ನೇ ತೋರಿಸಿದರು. ತುಕ್ಕು ಹಿಡಿದ ಗಾಡಿಗೆ 45,000. ಎಂಜಿನ್, ಬಣ್ಣ, ಕ್ರೋಮ್, ರಿಮ್ಮು, ಚೆಕ್ ದೇಶದಿಂದ ತರಿಸಿದ ರಬ್ಬರುಗಳು ಎಲ್ಲ ಸೇರಿ ಇನ್ನೊಂದು 95,000. ಅಲ್ಲಿಗೆ 1,40,000 ಆಯಿತು. ಅವರ ಹದಿನಾಲ್ಕು ತಿಂಗಳ ಭಾನುವಾರಗಳು ಲೆಕ್ಕದಲ್ಲಿಲ್ಲ. “ಯಾರಾದ್ರೂ ಒಂದೂವರೆ ಕೊಟ್ರೆ ಲಾಭ ಅಂತೀರಾ?” ಎಂದು ನಕ್ಕರು. “ನಮ್ಮಪ್ಪ ಓಡಿಸ್ತಿದ್ರು” ಎಂದೂ ಸೇರಿಸಿದರು. ಈ ವಾಕ್ಯವನ್ನು ಅವತ್ತು ನಾನು ಹತ್ತು ಸಲವಾದರೂ ಕೇಳಿರಬೇಕು.

ಹದಿನೈದು ವಯಸ್ಸಿನಲ್ಲಿ ಕೈಗೆಟುಕದ್ದನ್ನು ಐವತ್ತರಲ್ಲಿ ಕೊಳ್ಳುವುದು ಎಲ್ಲ ದೇಶದಲ್ಲೂ ಇದೆ. ಇಂಗ್ಲೆಂಡಿನ ಸ್ಟೀವನೇಜ್‌ನಲ್ಲಿ ತಯಾರಾಗುತ್ತಿದ್ದ ವಿನ್ಸೆಂಟ್ ಬೈಕುಗಳ ಕತೆ ನಮ್ಮದರ ಅಣ್ಣನಂತಿದೆ. ಲೋಕದಲ್ಲೇ ಅತಿ ವೇಗದ ಬೈಕು ಮಾಡಿದ ಆ ಕಂಪನಿಗೆ ಲಾಭ ಕಾಣಲಾಗಲಿಲ್ಲ, 1955ರಲ್ಲಿ ಬೈಕು ಮಾಡುವುದನ್ನೇ ನಿಲ್ಲಿಸಿತು. ಅದರ ರೇಸಿನ ಗಾಡಿ ಬ್ಲ್ಯಾಕ್ ಲೈಟ್ನಿಂಗ್ ತಯಾರಾದದ್ದೇ ಮೂವತ್ತರ ಆಸುಪಾಸು. ಅವುಗಳಲ್ಲಿ 1951ರ ಒಂದು ಬೈಕು, ಆಸ್ಟ್ರೇಲಿಯಾದಲ್ಲಿ ವೇಗದ ದಾಖಲೆ ಮಾಡಿದ್ದು, 2018ರ ಜನವರಿಯಲ್ಲಿ ಲಾಸ್ ವೇಗಸ್‌ನ ಹರಾಜಿನಲ್ಲಿ 9,29,000 ಡಾಲರಿಗೆ ಹೋಯಿತು. ಗಾಡಿಯ ಜೊತೆ ಅದರ ಇತಿಹಾಸವೂ ಗಟ್ಟಿ ದಾಖಲೆಯಾಗಿ ಉಳಿದಿತ್ತು, ಕೂಗಿದವರು ಅದಕ್ಕೂ ಕೂಗಿದರು.

ಆದರೆ ಬೇಕೆನ್ನುವ ತಲೆಮಾರು ಮುಗಿದರೆ ಬೆಲೆಯೂ ಇಳಿಯುತ್ತದೆ. ಜಾವಾ ಹೊಸತಾಗಿದ್ದಾಗ ಯೌವನದಲ್ಲಿದ್ದವರು ಇವತ್ತು ಎಪ್ಪತ್ತು ದಾಟಿದ್ದಾರೆ, ಕಿಕ್ ಹೊಡೆಯಲು ಮೊಣಕಾಲು ಒಪ್ಪುವುದಿಲ್ಲ. ಆರ್‌ಎಕ್ಸ್ 100ರವರು ಈಗ ನಲವತ್ತೈದು, ಐವತ್ತರಲ್ಲಿದ್ದಾರೆ, ಕೈಯಲ್ಲಿ ದುಡ್ಡಿದೆ. ಬರೀ 98 ಸಿಸಿಯ ಆ ಗಾಡಿಗೆ ಇವತ್ತು ಇರುವ ಎಳೆದಾಟಕ್ಕೆ ಇದೇ ಕಾರಣ ಅಂತ ನನ್ನ ಅಂದಾಜು. 1983ರಲ್ಲಿ ಬಂದ ರಾಜದೂತ್ 350 ಇನ್ನೂ ವಿಚಿತ್ರ. ಪೆಟ್ರೋಲ್ ಕುಡಿಯುತ್ತದೆ, ಬೆಲೆ ಜಾಸ್ತಿ ಎಂದು ಆಗ ಜನ ದೂರ ಇಟ್ಟರು. ಯಾವ ದೋಷಕ್ಕೆ ಅದು ಸೋತಿತೋ ಅದೇ ದೋಷದಿಂದಾಗಿ ಸಂಖ್ಯೆ ಕಡಿಮೆಯಾಗಿ, ಈಗ ಹಳೆಯ ಭಾರತೀಯ ಬೈಕುಗಳಲ್ಲೇ ದುಬಾರಿ ಸಾಲಿನಲ್ಲಿ ಕೂತಿದೆ.

ಇನ್ನು ಹೆಸರಿನ ಬೆಲೆ. 2018ರ ನವೆಂಬರಿನಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನಲ್ಲಿ ಹೊಸ ಬೈಕು ತಂದಿತು, 2022ರ ಜನವರಿಯಲ್ಲಿ ಯೆಜ್ಡಿ. ಹೊಸ ಗಾಡಿಯ ಜಾಹೀರಾತು ಹಳೆಯದರ ಬೆಲೆಯನ್ನೂ ಏರಿಸಿತು ಎಂದು ನಾನು ಮಾತಾಡಿಸಿದ ಮೆಕ್ಯಾನಿಕ್‌ಗಳೆಲ್ಲ ಹೇಳುತ್ತಾರೆ. ಅದೇ 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಯೆಜ್ಡಿ ಎಂಬ ಟ್ರೇಡ್‌ಮಾರ್ಕ್ ಸಮಾಪನೆಯಲ್ಲಿರುವ ಹಳೆಯ ಐಡಿಯಲ್ ಜಾವಾ ಕಂಪನಿಗೆ ಸೇರಿದ್ದು ಎಂದು ತೀರ್ಪಿತ್ತಿತು. ಅದು ಮೇಲ್ಮನವಿಗೆ ಹೋಯಿತು. ಹೆಸರು ಯಾರದ್ದು ಎಂಬುದನ್ನು ಕಾನೂನು ಬಲ್ಲವರಿಗೆ ಬಿಡುತ್ತೇನೆ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಜಗಳದ ಒಳಗಿರುವ ಲೆಕ್ಕ. ಕಂಪನಿ ಮುಚ್ಚಿದಾಗ ಅದರ ಆಸ್ತಿ ಮಾರಿ ಬಂದ ಹಣದಲ್ಲಿ ಕಾರ್ಮಿಕರ ಬಾಕಿಗೂ ಅಡಮಾನದ ಸಾಲಗಾರರಿಗೆ ಸಮನಾದ ಆದ್ಯತೆ ಇರಬೇಕೆಂದು ಕಂಪನಿ ಕಾಯ್ದೆ ಹೇಳುತ್ತದೆ. 1996ರಲ್ಲಿ ಆಸ್ತಿಯೆಂದರೆ ಜಾಗ, ಕಟ್ಟಡ, ಯಂತ್ರ. ಹೆಸರಿಗೆ ಆಗ ಯಾರು ಏನು ಕೊಡುತ್ತಿದ್ದರು? ಕಾಲು ಶತಮಾನದ ಮೇಲೆ ಅದೂ ಆಸ್ತಿಯಾಯಿತು.

ಇದೇ ಮಾತು ಹಿಡಿದು ಆ ಕಾರ್ಖಾನೆಯಲ್ಲಿ ದುಡಿದ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಕೆಲವು ವರ್ಷ ಎಂಜಿನ್‌ಗೆ ನಂಬರು ಹೊಡೆಯುವ ಕೆಲಸದಲ್ಲಿದ್ದರು. ಒಂದೊಂದೇ ಅಂಕಿಯ ಪಂಚು, ಒಂದು ಸುತ್ತಿಗೆ. “ಅದೊಂದು ಕೆಲ್ಸ ಅಂತ ಯಾರೂ ಲೆಕ್ಕಕ್ಕೇ ಇಟ್ಟಿರ್ಲಿಲ್ಲ ಕಣಪ್ಪ. ಊಟದ ಬೆಲ್ ಹೊಡೆಯೋದ್ರೊಳಗೆ ಮುಗಿಸ್ಬೇಕು, ಅಷ್ಟೇ” ಎಂದರು. ಈಗ ಅವರ ಮನೆಗೆ ತಿಂಗಳಿಗೊಬ್ಬರಾದರೂ ಫೋನು ಹಿಡಿದು ಬರುತ್ತಾರಂತೆ. ಗಾಡಿಯ ನಂಬರಿನ ಫೋಟೊ ತೋರಿಸಿ, ಇದು ಕಾರ್ಖಾನೆಯ ಪಂಚೋ ಆಮೇಲೆ ಹೊಡೆದದ್ದೋ ಎಂದು ಕೇಳುತ್ತಾರೆ. ಅಸಲಿ ಎಂದರೆ ಬೆಲೆ ಏರುತ್ತದೆ, ಅಲ್ಲ ಎಂದರೆ ಬಿದ್ದುಹೋಗುತ್ತದೆ. ಅಂಕಿ ಕೂತಿರುವ ಓರೆ ನೋಡಿ ಅವರು ಹೇಳಬಲ್ಲರು.

“ಏನಾದರೂ ಕೊಡ್ತಾರಾ ಯಜಮಾನ್ರೇ?”

“ಒಬ್ಬ ಮೈಸೂರ್ ಪಾಕ್ ತಂದಿದ್ದ. ನಂಗೆ ಶುಗರ್ರು.”

ಈ ಅಸಲಿ ನಂಬರಿನ ವಿಷಯಕ್ಕೆ ದೊಡ್ಡಮ್ಮನ ಪುಸ್ತಕ ಬಂದು ಸೇರುತ್ತದೆ. ಕೊಟ್ಟಿಗೆಯಲ್ಲಿ, ತೋಟದ ಮನೆಯಲ್ಲಿ ಕಾಗದವೇ ಇಲ್ಲದ ಗಾಡಿಗಳು ಎಷ್ಟೋ ಬಿದ್ದಿವೆ. ಅವನ್ನು ರಸ್ತೆಗಿಳಿಸುವಂತಿಲ್ಲ, ಹಾಗಾಗಿ ಬೆಲೆಯಿಲ್ಲ. ಇನ್ನೊಂದೆಡೆ ಗಾಡಿಯಿಲ್ಲದ ಕಾಗದಗಳಿವೆ. ಎರಡನ್ನೂ ಕೂಡಿಸುವುದೇ ಕೆಲವರ ವ್ಯಾಪಾರ. ಗಾಡಿಯ ಎಂಜಿನ್, ಚಾಸಿಸ್ ನಂಬರು ಉಜ್ಜಿ ತೆಗೆದು, ಪುಸ್ತಕದಲ್ಲಿರುವ ನಂಬರು ಹೊಡೆಯುತ್ತಾರೆ. ಅದು ಅಪರಾಧ. ಗಾಡಿ ನಾಶವಾದರೆ ಹದಿನಾಲ್ಕು ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಪುಸ್ತಕ ಒಪ್ಪಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ನಮ್ಮ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಗುಜರಿಯವನೂ ಕೇಳಲಿಲ್ಲ.

ವ್ಯಾಪಾರಿಯ ಅವಸರಕ್ಕೆ ಇನ್ನೊಂದು ಕಾರಣವನ್ನು ಆಮೇಲೆ ಊಹಿಸಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿ ಇರಬೇಕು, ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದೊಡ್ಡಪ್ಪನ ಪುಸ್ತಕದಲ್ಲಿರುವುದು 1976. ಕೆಎ-09 ಬರುವ ಮೊದಲಿನ, ಮೂರು ಅಕ್ಷರದ ಹಳೆಯ ನಂಬರು. 2026ಕ್ಕೆ ಐವತ್ತು ತುಂಬುತ್ತದೆ. ಎಲ್ಲೋ ಇರುವ ಯಾವುದೋ ಗಾಡಿಗೆ ಈ ಪುಸ್ತಕ ಜನ್ಮಪತ್ರಿಕೆಯಾಗಬೇಕಿತ್ತು.

ಹದಿನೈದು ದಿನದ ಮೇಲೆ ಅವರದ್ದು ಮತ್ತೆ ಫೋನು. 18,000. ದೊಡ್ಡಮ್ಮನ ಮನೆಗೆ ಆ ದುಡ್ಡು ದೊಡ್ಡದೇ. ಹೆಂಚಿನ ಕೆಲಸದವರಿಗೆ ಕೂಲಿ ಬಾಕಿಯಿತ್ತು. ಕಾನೂನು ಹೀಗಿದೆ ದೊಡ್ಡಮ್ಮ, ನಾಳೆ ಆ ಗಾಡಿ ಯಾರಿಗೋ ಗುದ್ದಿದರೆ ದೊಡ್ಡಪ್ಪನ ಹೆಸರೇ ಬರುತ್ತದೆ ಎಂದು ವಿವರಿಸಿದೆ. ಅವಳು ಕಾನೂನಿನ ಮಾತನ್ನು ಅರ್ಧ ಕೇಳಿಸಿಕೊಂಡಳು.

“ಅವ್ರ ಹೆಸರು ಇನ್ನೊಂದು ಗಾಡಿ ಮೇಲೆ ಓಡಾಡದು ಬ್ಯಾಡ. ಇಲ್ಲ ಅಂದ್ಬುಡು.”

ಪುಸ್ತಕವನ್ನು ಆರ್‌ಟಿಒಗೆ ಒಪ್ಪಿಸಿಬಿಡೋಣ ಎಂದೆ. ಆಯ್ತು ಎಂದಳು. ಪ್ರಬಂಧಕ್ಕೆ ಇರಲಿ ಎಂದು ನಾನು ಮೊದಲು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಒಂಬತ್ತು ಪುಟ, ಹದಿನೆಂಟು ರೂಪಾಯಿ. ಕೊಡುವ ಮೊದಲು ಅದರಲ್ಲಿ ಏನೇನು ಬರೆದಿದೆ ಓದು ಎಂದಳು. ಜಗಲಿಯ ಮೇಲೆ ಕೂತು ಓದಿದೆ. ಹೆಸರು, ತಂದೆಯ ಹೆಸರು, ತಯಾರಕರು ಐಡಿಯಲ್ ಜಾವಾ, ಬಣ್ಣ ಮರೂನ್, ಆಸನ ಸಾಮರ್ಥ್ಯ ಎರಡು.

“ಎರಡು ಅಂತ ಬರ್ದವ್ರಾ?” ಎಂದಳು ದೊಡ್ಡಮ್ಮ. “ಚಿಕ್ಕವಳನ್ನ ಟ್ಯಾಂಕ್ ಮೇಲೆ ಕೂರಿಸ್ಕೊಂಡು, ದೊಡ್ಡವಳು ಮಧ್ಯ, ನಾನು ಹಿಂದೆ. ಜಾತ್ರೆಗೆ ನಾಕ್ ಜನಾನೂ ಅದ್ರಲ್ಲೇ ಹೋಗ್ತಿದ್ವಲ್ಲ.”